ರೋಬಾಟ್ ತಂಡಕ್ಕೆ ಮಗಳನ್ನು ಕಳುಹಿಸಿ

ನಮಸ್ಕಾರ. ತೀರ್ಥಹಳ್ಳಿಯ ನಿಮ್ಮ ಮಗಳು ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಲೇ ರೋಬಾಟ್ ಸ್ಪರ್ಧೆಯ ತಂಡ ಸೇರಿದರೆ ಮುಂದೆ ಕಾರ್ಖಾನೆಯ ಕೆಲಸಕ್ಕೆ ಉಪಯೋಗವಾದೀತೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. 2002ರಲ್ಲಿ ಆರಂಭವಾದ, ಏಷ್ಯಾ-ಪೆಸಿಫಿಕ್‌ನ ವಿದ್ಯಾರ್ಥಿ ತಂಡಗಳ ಎಬಿಯು ರೋಬೋಕಾನ್‌ನಂಥ ಸ್ಪರ್ಧೆಗಳಲ್ಲಿ ಆಟವೇ ಪ್ರತಿವರ್ಷ ಬದಲಾಗುತ್ತದೆ, ಹಳೆಯ ಯಂತ್ರ ನಡೆಯದು. ನಕ್ಷೆ ಬರೆದು, ಅಲ್ಯೂಮಿನಿಯಂ ಕತ್ತರಿಸಿ, ಲೇತ್‌ನಲ್ಲಿ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಶಾಫ್ಟ್, ಅಂದರೆ ತಿರುಗುವ ದಂಡ, ಕಡೆಯಬೇಕು. ಶಾಫ್ಟ್ ಕೂದಲೆಳೆಯಷ್ಟು ಹೆಚ್ಚು ದಪ್ಪವಾದರೂ ಅದನ್ನು ಸರಾಗವಾಗಿ ತಿರುಗಿಸುವ ಬಳೆಯಾದ ಬೇರಿಂಗ್ ಅದರ ಮೇಲೆ ಏರುವುದಿಲ್ಲ ಎಂಬುದು ಕೈಗೆ ತಿಳಿಯುವುದು ಅಲ್ಲೇ. ಶಿವಮೊಗ್ಗ ಬಳಿಯ ಮಾಚೇನಹಳ್ಳಿಯ ಫೌಂಡ್ರಿಗಳಲ್ಲಿಯೂ (ಲೋಹ ಎರಕ ಹೊಯ್ಯುವ ಕಾರ್ಖಾನೆಗಳು) ಬೇಕಾಗುವುದು ಈ ಅಳತೆಯ ಪ್ರಜ್ಞೆಯೇ.

ಒಂದು ಮಾತು: ಹುಡುಗಿಯರಿಗೆ ಲೆಕ್ಕಪತ್ರ, ವರದಿ ಒಪ್ಪಿಸಿ ಯಂತ್ರಗಳನ್ನು ಹುಡುಗರೇ ಹಿಡಿಯುವ ತಂಡಗಳಿವೆ. ಅದಕ್ಕೆ ಒಪ್ಪದೆ ಲೇತ್ ಮುಂದೆ ತಾನೇ ನಿಲ್ಲಬೇಕೆಂದು ಅವಳಿಗೆ ಹೇಳಿ. ಸಂದರ್ಶನಕ್ಕೆ ಹೋಗುವಾಗ ಪ್ರಮಾಣಪತ್ರದ ಜೊತೆಗೆ ತಾನು ಮಾಡಿದ ಭಾಗದ ನಕ್ಷೆಯನ್ನೂ, ಅದು ಮುರಿದಾಗ ಸರಿಪಡಿಸಿದ ಟಿಪ್ಪಣಿಯನ್ನೂ ಒಯ್ಯಲಿ.