ಪತ್ರದ ಹಿಂಬದಿಯ ಲೆಕ್ಕ

ಬೆಂಗಳೂರಿನ ಶ್ರೀನಗರದ ಓದುಗರೊಬ್ಬರು ಕಚೇರಿಗೇ ಬಂದು ಪತ್ರ ಕೊಟ್ಟು ಹೋಗಿದ್ದಾರೆ. ಮಗಳಿಗೆ ಸಿಇಟಿ ಸೀಟು ಹಂಚಿಕೆಯ ಮೊದಲ ಸುತ್ತಿನಲ್ಲಿ ಕೆ.ಆರ್. ಸರ್ಕಲ್‌ನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಯುವಿಸಿಇಯಲ್ಲಿ ಎಲೆಕ್ಟ್ರಿಕಲ್ ಸಿಕ್ಕಿದೆ. ಅವಳ ಮನಸ್ಸಿರುವುದು ದೇವನಹಳ್ಳಿ ಕಡೆಯ ಖಾಸಗಿ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಮೇಲೆ. ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಸೀಟುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವ ಪಟ್ಟಿಯಲ್ಲಿ, ಅದನ್ನೇ ಮೇಲೆ ಬರೆದಿದ್ದಾಳೆ. "ಇಲ್ಲಿಗೆ ವರ್ಷಕ್ಕೆ 50 ಸಾವಿರ ಸಾಕು, ಅಲ್ಲಿಗೆ 2 ಲಕ್ಷ. ಯಜಮಾನರು ಚಿಕ್ಕಪೇಟೆ ಅಂಗಡಿಯಲ್ಲಿ ಲೆಕ್ಕ ಬರೀತಾರೆ, ನಾನು ಬ್ಲೌಸ್ ಹೊಲೀತೀನಿ. ಸಾಲ ಮಾಡಿ ಅವಳಿಷ್ಟ ನಡೆಸೋಣವೇ? ಸದ್ಯಕ್ಕೆ ಛಾಯ್ಸ್ 2 ಒತ್ತಿಟ್ಟರೆ ಆಯಿತಲ್ಲ?" ಎಂದು ಕೇಳಿದ್ದಾರೆ. ಅಚ್ಚಾಗುವ ಹೊತ್ತಿಗೆ ಗಡುವು ದಾಟುತ್ತದೆಂದು ಉತ್ತರವನ್ನು ಅವರಿಗೆ ಮೊದಲೇ ಮುಟ್ಟಿಸಿದ್ದೇವೆ.

ಅಮ್ಮ, ಮೊದಲು ಆ ಛಾಯ್ಸ್ 2ರ ಮಾತು. ಸಿಕ್ಕ ಸೀಟನ್ನು ಹಿಡಿದಿಟ್ಟುಕೊಂಡು ಮುಂದಿನ ಸುತ್ತಿಗೂ ಕಾಯುವ ಆಯ್ಕೆ ಅದು. ಅದನ್ನು ಒತ್ತಿ, ಮುಂದಿನ ಸುತ್ತಿನಲ್ಲಿ ಮೇಲಿನ ಆಪ್ಷನ್ ಸಿಕ್ಕಿತೆಂದರೆ ಕೈಯಲ್ಲಿದ್ದ ಯುವಿಸಿಇ ಸೀಟು ತಾನಾಗಿಯೇ ಹೋಗುತ್ತದೆ. ಆಮೇಲೆ ಸೀಟು ಹಂಚುವ ಕೆಇಎಯ ಮಲ್ಲೇಶ್ವರದ ಕಚೇರಿ ಮುಂದೆ ನಿಂತು ಅತ್ತರೂ ವಾಪಸ್ ಬರುವುದಿಲ್ಲ. ಹಾಗಾಗಿ ತೀರ್ಮಾನ ಒತ್ತುವ ಮೊದಲೇ ಆಗಬೇಕು.

ಪತ್ರದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಕೂಡಿ, ಅಳಿಸಿ, ಮತ್ತೆ ಕೂಡಿದ್ದೀರಿ: ವರ್ಷಕ್ಕೆ ಹೆಚ್ಚು ಬೀಳುವುದು ಒಂದೂವರೆ ಲಕ್ಷ, ನಾಲ್ಕು ವರ್ಷ, 6 ಲಕ್ಷ. ಮೂಲೆಯಲ್ಲಿ "ಬಸ್ಸಿಗೆ ವರ್ಷಕ್ಕೆ ಬೇರೆ 30 ಸಾವಿರವಂತೆ" ಎಂದು ಬರೆದು ಕೂಡಲು ಮರೆತಿದ್ದೀರಿ. ಅದೂ ಸೇರಿದರೆ 7 ಲಕ್ಷ 20 ಸಾವಿರ. ಅಷ್ಟೂ ಸಾಲವಾದರೆ, ಶೇ 10ರ ಬಡ್ಡಿಯಲ್ಲಿ 7 ವರ್ಷ ತಿಂಗಳಿಗೆ ಸುಮಾರು 12 ಸಾವಿರ ಕಂತು. ಓದುವ ಕಾಲದ ಬಡ್ಡಿ ಬೇರೆ. ಬ್ಯಾಂಕಿನವರು ಏಳೂವರೆ ಲಕ್ಷದವರೆಗೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುವುದಿಲ್ಲ, ಸಾಲ ಸಿಗುತ್ತದೆ. ತೀರಿಸುವವಳು ಮಗಳು.

ಈ ಹಾಳೆಯನ್ನು ಅವಳಿಗೆ ತೋರಿಸಿದ್ದೀರಾ? ಇಲ್ಲವೆಂದೇ ನನ್ನ ಊಹೆ. ನಮ್ಮಪ್ಪ ನನ್ನ ಓದಿಗೆಂದು ಸೈಟು ಮಾರಿದ್ದು ನನಗೆ ತಿಳಿದದ್ದು ಕೆಲಸಕ್ಕೆ ಸೇರಿದ ಮೇಲೆ. ಮೊದಲೇ ಗೊತ್ತಿದ್ದರೆ ಬೇರೆ ಕಾಲೇಜಿಗೆ ಹೋಗುತ್ತಿದ್ದೆನೋ ಏನೋ. ಒಂದು ಮಾತು ಕೇಳಲಿಲ್ಲವಲ್ಲ ಎಂಬ ಸಿಟ್ಟು ಮಾತ್ರ ಇವತ್ತಿಗೂ ಇದೆ.

ಅವಳನ್ನೂ ಒಂದು ಕೇಳಿ: ಬೇಕಿರುವುದು ಕಂಪ್ಯೂಟರ್ ಸೈನ್ಸೋ, ಆ ಗಾಜಿನ ಕಟ್ಟಡವೋ, ಜೊತೆಗೆ ಹೋಗುವ ಗೆಳತಿಯೋ? ಕೋಡಿಂಗ್ ಹುಚ್ಚೇ ಇದ್ದರೆ ಅದಕ್ಕೆ ಬೆಲೆಯಿದೆ. ಆದರೆ ಎಲೆಕ್ಟ್ರಿಕಲ್ ಓದಿದವರು ಸಾಫ್ಟ್‌ವೇರ್‌ಗೆ ಹೋಗುವುದು ಈ ಊರಿನಲ್ಲಿ ಹೊಸದೇನಲ್ಲ. ಯುವಿಸಿಇ 1917ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿದ್ದು. ಗೋಡೆ ಹಳೆಯದು, ಹೆಸರು ಸವೆದಿಲ್ಲ. ಶ್ರೀನಗರದಿಂದ ಕೆ.ಆರ್. ಸರ್ಕಲ್ ಎಷ್ಟು ದೂರ, ದೇವನಹಳ್ಳಿ ಎಷ್ಟು ದೂರ! ಬೆಳಿಗ್ಗೆ ಆರೂವರೆಗೆ ಬಸ್ಸು ಹತ್ತಿದ ಹುಡುಗಿ ರಾತ್ರಿ ಯಾವ ಕೋಡಿಂಗ್ ಕಲಿತಾಳು? ನನ್ನನ್ನು ಕೇಳಿದರೆ ಛಾಯ್ಸ್ 1, ಅಂದರೆ ಸಿಕ್ಕ ಸೀಟನ್ನೇ ಒಪ್ಪಿ ಸೇರಿಬಿಡುವುದು.

ಒಂದು ವಿಷಯ. ಮನೆಯ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯೂ ಎಂಬ ಶೇ 5ರ ಹೆಚ್ಚುವರಿ ಸೀಟುಗಳಿವೆ. ಅಲ್ಲಿ ಬೋಧನಾ ಶುಲ್ಕ ಮಾಫಿ, ಉಳಿದ ಶುಲ್ಕ ಕಟ್ಟಬೇಕು. ಅರ್ಜಿಯಲ್ಲಿ ಅದನ್ನು ಕೇಳಿದ್ದೀರೋ ಇಲ್ಲವೋ ಇವತ್ತೇ ತೆಗೆದು ನೋಡಿ.

ನಿಮ್ಮ ಹಾಳೆಯನ್ನು ಬಸ್ಸಿನ ದುಡ್ಡು ಕೂಡಿ ವಾಪಸ್ ಕಳಿಸಿದ್ದೇನೆ. ಅದನ್ನು ನೋಡಿಯೂ ಮಗಳು ಕಂಪ್ಯೂಟರ್ ಸೈನ್ಸೇ ಬೇಕೆಂದರೆ ಅವಳ ಕೈಯಲ್ಲೇ ಒಂದು ಪತ್ರ ಬರೆಸಿ. ಸಾಲದ ಅರ್ಜಿಯ ಮಾತು ಅವಳ ಹತ್ತಿರವೇ ಆಡೋಣ.

— ಸಂಪಾದಕ