ಕ್ರಿಯಾವಿಶೇಷಣಕ್ಕೆ ಆಟ: ಕ್ರಿಯಾಪದ ಇದ್ದಲ್ಲೇ ಇರಲಿ, ರೀತಿ ಮಾತ್ರ ಬದಲಾಗಲಿ

ಆರು ಮತ್ತು ಏಳನೇ ತರಗತಿಯ ಮಕ್ಕಳು ಕ್ರಿಯಾವಿಶೇಷಣದ (ಕ್ರಿಯೆ ಹೇಗೆ, ಯಾವಾಗ, ಎಲ್ಲಿ ನಡೆಯಿತೆಂದು ತಿಳಿಸುವ ಪದದ) ವ್ಯಾಖ್ಯೆಯನ್ನು ತಪ್ಪಿಲ್ಲದೆ ಒಪ್ಪಿಸಿದರೂ, ವಾಕ್ಯದಲ್ಲಿ ಗುರುತಿಸಲು ಹೇಳಿದರೆ ನಾಮಪದವನ್ನು ವರ್ಣಿಸುವ ‘ಸುಂದರವಾದ’, ‘ವೇಗದ’ ಎಂಬ ವಿಶೇಷಣಗಳಿಗೇ ಗೆರೆ ಎಳೆಯುತ್ತಾರೆ, ಆಟ ಆಡಿಸಲು ಹೋದರೆ ಗದ್ದಲವಷ್ಟೇ ಉಳಿಯುತ್ತದೆ ಎಂದು ತಾವು ಬರೆದಿದ್ದೀರಿ. ಈ ಎರಡು ತೊಂದರೆಗಳ ಮೂಲ ಒಂದೇ ಎಂದು ನನಗೆ ತೋರುತ್ತದೆ. ಪದವಿಲ್ಲದೆಯೂ ಆಟ ಮುಂದುವರಿಯುವಂತಿದ್ದರೆ ಮಕ್ಕಳು ಆಟವನ್ನು ಹಿಡಿದುಕೊಂಡು ಪದವನ್ನು ಕೈಬಿಡುತ್ತಾರೆ. ಆದ್ದರಿಂದ ಕ್ರಿಯಾಪದವನ್ನು ಹಾಗೆಯೇ ಉಳಿಸಿ, ಅದು ನಡೆಯುವ ರೀತಿಯನ್ನು ಮಾತ್ರ ಬದಲಾಯಿಸಬೇಕಾದ ಆಟಗಳನ್ನು ಆರಿಸಿಕೊಳ್ಳಿ.

ನಾನು ಮೊದಲು ಆಡಿಸುವುದು ಪದ ಊಹಿಸುವ ಹಳೆಯ ಆಟ. ಒಬ್ಬ ವಿದ್ಯಾರ್ಥಿ ಹೊರಗೆ ಹೋದಾಗ ಉಳಿದವರು ‘ಮೆಲ್ಲನೆ’, ‘ನಾಜೂಕಾಗಿ’, ‘ಅವಸರವಾಗಿ’ ಇಂಥ ಒಂದು ಪದವನ್ನು ನಿಶ್ಚಯಿಸುತ್ತಾರೆ. ಒಳಬಂದವನು ತನಗೆ ಬೇಕಾದವರನ್ನು ಕರೆದು, ‘ಆ ರೀತಿಯಲ್ಲಿ ಪುಟ ತಿರುವು’, ‘ಆ ರೀತಿಯಲ್ಲಿ ಬಾಗಿಲು ತೆರೆ’ ಎಂದು ಕೆಲಸ ಹೇಳಿ, ಮೂರು ಅಭಿನಯಗಳೊಳಗೆ ಪದವನ್ನು ಕಂಡುಹಿಡಿಯಬೇಕು. ಉತ್ತರವನ್ನು ‘ಅವಳು ನಾಜೂಕಾಗಿ ಪುಟ ತಿರುವಿದಳು’ ಎಂಬ ಪೂರ್ಣ ವಾಕ್ಯದಲ್ಲಿಯೇ ಹೇಳಬೇಕೆಂಬ ನಿಯಮವನ್ನು ದಯವಿಟ್ಟು ಸಡಿಲಿಸಬೇಡಿ. ಪದವು ಕ್ರಿಯಾಪದಕ್ಕೆ ಅಂಟಿಕೊಳ್ಳುವುದು ಆ ವಾಕ್ಯದಲ್ಲಿಯೇ. ಗದ್ದಲದ ವಿಷಯಕ್ಕೆ ಬಂದರೆ, ಮಾಡಿಸಬಹುದಾದ ಕೆಲಸಗಳನ್ನು ಮೊದಲೇ ಚೀಟಿಗಳಲ್ಲಿ ಬರೆದಿಡುವುದು ಒಳ್ಳೆಯದು. ಮೊದಲ ಬಾರಿ ನಾನು ಆಯ್ಕೆಯನ್ನು ಮಕ್ಕಳಿಗೇ ಬಿಟ್ಟಾಗ, ‘ಸಿಟ್ಟಿನಿಂದ ಬೆಂಚು ತಳ್ಳು’ ಎಂಬಲ್ಲಿಗೆ ಆಟ ಬಂದು ನಿಂತಿತ್ತು.

ಯಾರಾದರೂ ‘ನಾಳೆ’ ಅಥವಾ ‘ಅಲ್ಲಿ’ ಎಂಬ ಪದವನ್ನು ಆರಿಸಿದರೆ ತಡೆಯಬೇಡಿ. ಅಭಿನಯಿಸಲು ಬಾರದೆ ಆಟ ನಿಂತಾಗ ಏಕೆ ನಿಂತಿತೆಂದು ಕೇಳಿ. ‘ಹೇಗೆ’ ಎಂಬುದಕ್ಕೆ ಉತ್ತರವಾಗುವ ಪದವನ್ನು ಮಾಡಿ ತೋರಿಸಬಹುದು, ‘ಯಾವಾಗ’, ‘ಎಲ್ಲಿ’ ಎಂಬುದಕ್ಕೆ ಉತ್ತರವಾಗುವುದನ್ನು ಹಾಗೆ ತೋರಿಸಲಾಗದು ಎಂಬುದನ್ನು ಅವರೇ ಹೇಳುತ್ತಾರೆ; ಕಪ್ಪುಹಲಗೆಯ ಮೇಲೆ ವಿಂಗಡಣೆಯ ಅಂಕಣಗಳನ್ನು ಎಳೆಯಲು ತಕ್ಕ ಸಮಯ ಅದು. ಇನ್ನು ‘ಸಿಟ್ಟಿನಿಂದ’, ‘ಸಂತೋಷದಿಂದ’ ಎಂಬ ಪದಗಳು ಬಂದೇ ಬರುತ್ತವೆ. ರೂಪದಲ್ಲಿ ಇವು ತೃತೀಯಾ ವಿಭಕ್ತಿಯ ನಾಮಪದಗಳು, ಆದರೆ ವಾಕ್ಯದಲ್ಲಿ ಮಾಡುವ ಕೆಲಸ ಕ್ರಿಯೆಯ ರೀತಿಯನ್ನು ತಿಳಿಸುವುದು. ಆಟದಲ್ಲಿ ಇವನ್ನು ಒಪ್ಪಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ರೂಪದ ಚರ್ಚೆ ವಿಭಕ್ತಿಯ ಪಾಠಕ್ಕೆ ಕಾದಿರಲಿ.

ವಿಶೇಷಣದೊಡನೆ ಆಗುವ ಗೊಂದಲಕ್ಕೆ ಐದು ನಿಮಿಷದ ಜೋಡಿಯಾಟ ಸಾಕು. ಒಂದು ತಂಡ ‘ನಿಧಾನವಾದ ನಡಿಗೆ’ ಎಂದರೆ ಇನ್ನೊಂದು ತಂಡ ‘ನಿಧಾನವಾಗಿ ನಡೆದನು’ ಎಂದು ತಿರುಗಿಸಬೇಕು. ಆದರೆ ‘ಆಗಿ’ ಎಂದು ಮುಗಿಯುವುದೆಲ್ಲ ಕ್ರಿಯಾವಿಶೇಷಣ ಎಂಬ ಸೂತ್ರವನ್ನು ಮಾತ್ರ ಕೊಡಬೇಡಿ. ‘ಹಾಲು ಮೊಸರಾಗಿ ಮಾರ್ಪಟ್ಟಿತು’ ಎಂಬಲ್ಲಿ ‘ಮೊಸರಾಗಿ’ ಎಂಬುದು ರೀತಿಯನ್ನು ಹೇಳುವುದಿಲ್ಲ, ಹಾಲು ಏನಾಯಿತೆಂಬುದನ್ನು ಹೇಳುತ್ತದೆ. ‘ಬೇಗನೆ’, ‘ಸುಮ್ಮನೆ’, ‘ನೆಟ್ಟಗೆ’ ಎಂಬ ಪದಗಳಲ್ಲಾದರೋ ‘ಆಗಿ’ಯ ಸುಳಿವೇ ಇಲ್ಲ.

ಕನ್ನಡದಲ್ಲಿ ಈ ಪಾಠದ ನಿಜವಾದ ಸಂಪತ್ತು ಇರುವುದು ಸದ್ದನ್ನೋ ನೋಟವನ್ನೋ ಅನುಕರಿಸಿ ಹೇಳುವ ಅನುಕರಣ ಪದಗಳಲ್ಲಿ. ವ್ಯಾಕರಣ ಇವನ್ನು ಅನುಕರಣಾವ್ಯಯವೆಂದು ಬೇರೆಯಾಗಿ ಹೆಸರಿಸುವುದರಿಂದಲೋ ಏನೋ, ನಾವು ಕ್ರಿಯಾವಿಶೇಷಣದ ಪಾಠದಲ್ಲಿ ಇವುಗಳನ್ನು ಮರೆತುಬಿಡುತ್ತೇವೆ. ಹತ್ತು ಕಾರ್ಡುಗಳಲ್ಲಿ ಗಳಗಳನೆ, ಪಕಪಕನೆ, ಗಟಗಟನೆ, ಗಡಗಡ, ಧಗಧಗನೆ, ಥಳಥಳ, ಸರಸರನೆ, ಪಟಪಟನೆ, ಚಕಚಕನೆ, ದಡದಡನೆ ಎಂದು ಬರೆಯಿರಿ. ಇನ್ನು ಹತ್ತರಲ್ಲಿ ಅಳು, ನಗು, ಕುಡಿ, ನಡುಗು, ಉರಿ, ಹೊಳೆ, ಹತ್ತು, ಉದುರು, ಮುಗಿಸು, ಬಡಿ ಎಂಬ ಕ್ರಿಯಾಪದಗಳಿರಲಿ. ಕಾರ್ಡು ಹಿಡಿದ ಮಕ್ಕಳು ಒಬ್ಬರನ್ನೊಬ್ಬರು ಹುಡುಕಿ ಜೋಡಿಯಾಗಬೇಕು. ‘ಗಳಗಳನೆ’ ಎಂಬುದು ‘ಅಳು’ವನ್ನು ಕೂಡಲೇ ಸೇರಿಕೊಳ್ಳುತ್ತದೆ, ‘ಧಗಧಗನೆ ನಕ್ಕಳು’ ಎಂದೊಡನೆ ತರಗತಿಯೇ ನಗುತ್ತದೆ. ಆದರೆ ‘ಸರಸರನೆ’ ಎಂಬುದನ್ನು ಹಿಡಿದವನು ಹತ್ತಬಹುದು, ಮುಗಿಸಲೂಬಹುದು. ಎರಡು ಕಾರ್ಡುಗಳು ಒಂದೇ ಕ್ರಿಯಾಪದಕ್ಕೆ ಜಗಳವಾಡಿದರೆ, ಒಪ್ಪುವ ವಾಕ್ಯವನ್ನು ಮೊದಲು ಹೇಳಿದವರಿಗೆ ಜೋಡಿ ದೊರೆಯಲಿ. ಕೊನೆಯಲ್ಲಿ, ಇವುಗಳಲ್ಲಿ ಯಾವುದು ಕಿವಿಗೆ ಕೇಳಿಸುತ್ತದೆ ಎಂದು ಒಮ್ಮೆ ಕೇಳಿ ನೋಡಿ. ‘ಗಟಗಟನೆ’ ಎಂಬುದು ಕೇಳಿಸುತ್ತದೆ, ‘ಥಳಥಳ’ ಎಂಬುದು ಕಣ್ಣಿಗೆ ಕಾಣುತ್ತದೆಯೇ ಹೊರತು ಕೇಳಿಸುವುದಿಲ್ಲ, ‘ಗಡಗಡ’ ನಡುಗುವುದನ್ನು ಮೈಯೇ ಬಲ್ಲದು. ನನ್ನ ತರಗತಿಯಲ್ಲಿ ಅತ್ಯಂತ ಹೆಚ್ಚು ಮಾತು ನಡೆಯುವುದು ಈ ಪ್ರಶ್ನೆಯ ಮೇಲೆಯೇ.

ಎಂಟನೇ ತರಗತಿಯವರಿಗೆ ಪದದ ಸ್ಥಾನವನ್ನೂ ತೋರಿಸಬಹುದು. ‘ಬಾಗಿಲು’, ‘ತೆರೆದು’, ‘ಒಳಗೆ’, ‘ಬಂದನು’ ಎಂಬ ಕಾರ್ಡುಗಳನ್ನು ಹಿಡಿದ ನಾಲ್ವರು ಸಾಲಾಗಿ ನಿಲ್ಲಲಿ, ‘ಮೆಲ್ಲನೆ’ ಎಂಬುದನ್ನು ಹಿಡಿದ ಐದನೆಯವಳು ಜಾಗ ಬದಲಾಯಿಸುತ್ತ ಹೋಗಲಿ. ‘ಮೆಲ್ಲನೆ ಬಾಗಿಲು ತೆರೆದು ಒಳಗೆ ಬಂದನು’ ಎಂದರೆ ಸದ್ದಾಗದಂತೆ ತೆರೆದದ್ದು ಬಾಗಿಲು. ‘ಬಾಗಿಲು ತೆರೆದು ಮೆಲ್ಲನೆ ಒಳಗೆ ಬಂದನು’ ಎಂದರೆ ಬಾಗಿಲನ್ನು ದಢಾರನೆ ತೆರೆದಿರಲೂಬಹುದು. ಪ್ರತಿ ಬಾರಿಯೂ ಆರನೆಯವನೊಬ್ಬ ಆ ವಾಕ್ಯವನ್ನು ಮಾಡಿ ತೋರಿಸಿದರೆ ವಿವರಣೆಯೇ ಬೇಕಾಗುವುದಿಲ್ಲ.

ಒಂದು ಅವಧಿಗೆ ಒಂದೇ ಆಟ, ಹದಿನೈದು ನಿಮಿಷಕ್ಕೆ ಮೀರದಂತೆ ಇರಲಿ. ಕಲಿತರೋ ಇಲ್ಲವೋ ಎಂದು ತಿಳಿಯಲು ಗೆರೆ ಎಳೆಯುವ ಪ್ರಶ್ನೆಯ ಬದಲು, ‘ಅವನು ಮೆಲ್ಲನೆ ಹೇಳಿದನು’, ‘ಅವಳು ಮೆಲ್ಲನೆ ಪಿಸುಗುಟ್ಟಿದಳು’ ಎಂಬ ಎರಡು ವಾಕ್ಯಗಳನ್ನು ಕೊಟ್ಟು, ಯಾವುದರಲ್ಲಿ ‘ಮೆಲ್ಲನೆ’ ಎಂಬುದನ್ನು ತೆಗೆದರೂ ನಷ್ಟವಿಲ್ಲವೆಂದು ಕಾರಣಸಹಿತ ಬರೆಯಲು ಹೇಳಿ. ಪಿಸುಗುಟ್ಟುವುದರಲ್ಲಿಯೇ ಮೆಲ್ಲನೆ ಎಂಬುದು ಅಡಗಿದೆ ಎಂದು ಬರೆದ ಮಗುವಿಗೆ ವ್ಯಾಖ್ಯೆಯನ್ನು ಮತ್ತೆ ಒಪ್ಪಿಸಲು ಹೇಳಬೇಕಾಗಿಲ್ಲ.