ತಾಯಿಯ ಲೆಕ್ಕ ಎಂಟು, ಅಕ್ಕೋರ ಲೆಕ್ಕ ನಾಲ್ಕು: ಬೆಟಗೇರಿಯ ಹುಡುಗನ ಚಡಪಡಿಕೆ ಅಳೆದ ಬಗೆ

(ಗುರುತು ಸಿಗದಂತೆ ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

ಮೂರನೇ ಇಯತ್ತೆಯ ಹುಡುಗ, ಎಂಟು ವರ್ಷ. "ಕುಂತಲ್ಲಿ ಕುಂದ್ರಂಗಿಲ್ರಿ, ಉಣ್ಣಾಕ ಕುಂತ್ರೂ ನಾಕ್ ಸಲ ಏಳ್ತಾನ್ರಿ" ಎಂಬುದು ತಾಯಿಯ ದೂರು. ಜೊತೆಗೆ ಬಂದ ಅಜ್ಜ, "ಇವ್ರಪ್ಪನೂ ಸಣ್ಣಂವಿದ್ದಾಗ ಹಿಂಗ ಇದ್ದ, ಬೆಳದಂಗ ಸುಮ್ನಾದ" ಎಂದರು. ಅವರು ಹೇಳಿದ್ದು ಸಮಾಧಾನಕ್ಕೆ, ಆದರೆ ಕಡತದಲ್ಲಿ ಅದು ಕೌಟುಂಬಿಕ ಹಿನ್ನೆಲೆ ಎಂದು ದಾಖಲಾಯಿತು. ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಮನೆತನದಲ್ಲಿ ಹರಿದು ಬರುವುದು ಸಾಮಾನ್ಯ. ತಂದೆಯ ಅನುಮಾನ ಬೇರೆಯದು: "ಮೊಬೈಲ್ ಕೊಟ್ರ ಎರಡ್ ತಾಸು ಅಲ್ಲಾಡಂಗಿಲ್ರಿ. ತೊಂದ್ರಿ ಇದ್ರ ಹೆಂಗ್ ಕುಂದರತಿದ್ದ?"

ಈ ಪ್ರಶ್ನೆಯನ್ನು ಬಹುತೇಕ ತಂದೆಯರು ಕೇಳುತ್ತಾರೆ. ಮೊಬೈಲಿನಲ್ಲಿ ಕೆಲವೇ ಸೆಕೆಂಡಿಗೊಮ್ಮೆ ಹೊಸ ಚಿತ್ರ, ಹೊಸ ಸದ್ದು, ಹೊಸ ಅಂಕ ಬರುತ್ತದೆ. ಈ ಮಕ್ಕಳಿಗೆ ಕಷ್ಟವಾಗುವುದು ಫಲ ತಡವಾಗಿ ಸಿಗುವ, ಬೇಸರ ತರುವ ಕೆಲಸದಲ್ಲಿ ತಮ್ಮನ್ನು ತಾವು ಹಿಡಿದಿಟ್ಟುಕೊಳ್ಳುವುದು. ಹಾಗಾಗಿ ಮೊಬೈಲ್ ಮುಂದಿನ ಎರಡು ತಾಸು ಈ ಕಡೆಗೂ ಸಾಕ್ಷಿಯಲ್ಲ, ಆ ಕಡೆಗೂ ಅಲ್ಲ.

ಮೊದಲು ಬಳಸಿದ್ದು ವ್ಯಾಂಡರ್‌ಬಿಲ್ಟ್ ಮಾಪಕ. ಪೋಷಕರ ಹಾಳೆಯಲ್ಲಿ 55 ಪ್ರಶ್ನೆ, ಶಿಕ್ಷಕರದರಲ್ಲಿ 43. ಎರಡರಲ್ಲೂ 1ರಿಂದ 9 ಗಮನಕ್ಕೆ, 10ರಿಂದ 18 ಅತಿಚಟುವಟಿಕೆ ಮತ್ತು ದುಡುಕಿಗೆ ಸಂಬಂಧಿಸಿದವು. ಉತ್ತರ 0ರಿಂದ 3ರವರೆಗೆ: ಎಂದೂ ಇಲ್ಲ, ಆಗೊಮ್ಮೆ ಈಗೊಮ್ಮೆ, ಹಲವು ಸಲ, ಬಹಳ ಸಲ. ಇಲ್ಲಿ ಅಂಕಗಳನ್ನು ಕೂಡಿಸುವಂತಿಲ್ಲ. 2 ಅಥವಾ 3 ಬಿದ್ದ ಪ್ರಶ್ನೆಗಳು ಎಷ್ಟೆಂದು ಎಣಿಸಬೇಕು. ಒಂಬತ್ತರಲ್ಲಿ ಆರು ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಆ ಗುಂಪು ಗಣನೆಗೆ ಬರುತ್ತದೆ. ಆದರೂ ಹಾಳೆಯ ಕೊನೆಯ ಪ್ರಶ್ನೆಗಳಲ್ಲಿ, ಅಂದರೆ ಓದು, ಬರಹ, ಗೆಳೆತನದಲ್ಲಿ, ಒಂದಕ್ಕಾದರೂ 4 ಅಥವಾ 5 ಬಿದ್ದಿರಬೇಕು (ಇವುಗಳಿಗೆ ಅಂಕ 1ರಿಂದ 5ರವರೆಗೆ, ಹೆಚ್ಚಾದಷ್ಟೂ ತೊಂದರೆ ಹೆಚ್ಚು). ಎಷ್ಟೇ ಚಡಪಡಿಸಿದರೂ ಬದುಕಿಗೆ ಅಡ್ಡಿಯಾಗದ ಮಗುವಿಗೆ ಹಣೆಪಟ್ಟಿ ಕಟ್ಟಬಾರದು ಎಂಬುದಕ್ಕೇ ಆ ಪ್ರಶ್ನೆಗಳಿವೆ.

ಅತಿಚಟುವಟಿಕೆಯಲ್ಲಿ ತಾಯಿಯ ಹಾಳೆ 8 ತೋರಿಸಿತು, ಅಕ್ಕೋರ (ಶಿಕ್ಷಕಿಯ) ಹಾಳೆ 4. ಗಮನದ ಪ್ರಶ್ನೆಗಳಲ್ಲಿ ತಾಯಿಯದು 5, ಅಕ್ಕೋರದು 7. ಇಂಥ ಕಡೆ ಇಬ್ಬರಲ್ಲಿ ಒಬ್ಬರದು ಸುಳ್ಳು ಎಂದುಕೊಂಡರೆ ದಾರಿ ತಪ್ಪಿತು. ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕಲೇಬೇಕು.

ತಾಯಿ ಹೋಲಿಸಿದ್ದು ಹನ್ನೆರಡು ವರ್ಷದ, ಸ್ವಭಾವದಿಂದಲೇ ಶಾಂತಳಾದ ಅಕ್ಕನೊಂದಿಗೆ. ನೆನಪಿನಲ್ಲಿದ್ದದ್ದು ಊರ ಜಾತ್ರೆಯ ವಾರ. ಪ್ರಶ್ನೆ ಕೇಳುವುದು ಹಿಂದಿನ ಆರು ತಿಂಗಳ ಬಗ್ಗೆ, ಅದೇ ವಯಸ್ಸಿನ ಮಕ್ಕಳ ಅಳತೆಯಲ್ಲಿ. ಓಣಿಯ ಸರೀಕ ಹುಡುಗರನ್ನು ನೆನೆಸಿಕೊಂಡು ಮತ್ತೆ ತುಂಬಲು ಹೇಳಿದಾಗ 8 ಇದ್ದದ್ದು 6 ಆಯಿತು. ಅಕ್ಕೋರ ಹಾಳೆಯ ಗುಟ್ಟು ಫೋನಿನಲ್ಲಿ ಮಾತಾಡಿದ ಮೇಲೆ ತಿಳಿಯಿತು: "ಭಾಳ ಚುರುಕ ಅದಾನ್ರಿ, ಖಡು (ಸೀಮೆಸುಣ್ಣ) ತರಾಕ, ಹಾಜರಿ ಪುಸ್ತಕ ಒಯ್ಯಾಕ ಅವನ್ನ ಕಳಸ್ತೀನ್ರಿ." ಏಳಬೇಕೆನಿಸಿದಾಗಲೆಲ್ಲ ಏಳಲು ಅಪ್ಪಣೆ ಸಿಗುತ್ತಿತ್ತು, ಹಾಗಾಗಿ ಎದ್ದದ್ದು ತಪ್ಪಾಗಿ ಕಾಣಲೇ ಇಲ್ಲ.

ಹೀಗಾಗಿ ತರಗತಿಯಲ್ಲಿ ನೇರವಾಗಿ ಎಣಿಸುವುದು ಅನಿವಾರ್ಯವಾಯಿತು. ಆ ದಿನಗಳಲ್ಲಿ ಹುಡುಗನನ್ನು ಹೊರಗೆ ಕಳಿಸುವುದು ಬೇಡವೆಂದು ಅಕ್ಕೋರನ್ನು ಕೇಳಿಕೊಳ್ಳಲಾಯಿತು. ತರಬೇತಾದ ಸಹಾಯಕಿಯೊಬ್ಬರು ಹಿಂದಿನ ಮೂಲೆಯಲ್ಲಿ ಕುಳಿತರು, ಕಿವಿಯಲ್ಲಿ 15 ಸೆಕೆಂಡಿಗೊಮ್ಮೆ ಸದ್ದು ಮಾಡುವ ಇಯರ್‌ಫೋನ್. ಒಂದು ಸದ್ದಿಗೆ ಈ ಹುಡುಗ, ಮುಂದಿನ ಸದ್ದಿಗೆ ಅದೇ ಸಾಲಿನ ಇನ್ನೊಬ್ಬ ಹುಡುಗ. 20 ನಿಮಿಷಕ್ಕೆ 80 ಗುರುತು, ತಲಾ 40. ಕುಂಡಿ ಬೆಂಚು ಬಿಟ್ಟಿದ್ದರೆ 'ಎ', ಕುಳಿತಲ್ಲೇ ಕೈಕಾಲು ಕುಣಿಸುವುದು, ತಿರುಗುವುದು, ಬೆಂಚು ಬಡಿಯುವುದು 'ಚ', ಕಣ್ಣು ಪಾಟಿ ಅಥವಾ ಹಲಗೆಯ ಮೇಲಿಲ್ಲದಿದ್ದರೆ 'ಗ'. ಸದ್ದಾದ ಆ ಕ್ಷಣದಲ್ಲಿ ಕಂಡದ್ದನ್ನಷ್ಟೇ ಬರೆಯಬೇಕು. 15 ಸೆಕೆಂಡಿನೊಳಗೆ ಒಮ್ಮೆ ಅಲುಗಾಡಿದರೂ ಗುರುತು ಹಾಕುವ ಪದ್ಧತಿಯೂ ಇದೆ, ಆದರೆ ಅದು ಚಡಪಡಿಕೆಯನ್ನು ಇದ್ದದ್ದಕ್ಕಿಂತ ಹಿಗ್ಗಿಸಿ ತೋರಿಸುತ್ತದೆ. ಮೊದಲ ದಿನದ ಹಾಳೆಯನ್ನು ಬದಿಗಿಡಲಾಯಿತು, ಹೊಸಬರನ್ನು ಕಂಡು ಇಡೀ ವರ್ಗವೇ ತಿರುಗಿ ತಿರುಗಿ ನೋಡುತ್ತಿತ್ತು.

ಜೋಡಿ ಹುಡುಗನನ್ನು ಆರಿಸುವಾಗ ವಯಸ್ಸು ನೋಡಲೇಬೇಕು. ನಮ್ಮ ಹುಡುಗ ಮೇ ತಿಂಗಳಲ್ಲಿ ಹುಟ್ಟಿದವನು, ವರ್ಗದಲ್ಲೇ ಸಣ್ಣವನು. ವರ್ಗದ ಅತಿ ಕಿರಿಯರಿಗೆ ಎಡಿಎಚ್‌ಡಿ ಹಣೆಪಟ್ಟಿ ಹೆಚ್ಚು ಬೀಳುತ್ತದೆ ಎಂಬುದು ಹಲವು ದೇಶಗಳಲ್ಲಿ ಕಂಡ ಸಂಗತಿ. ಜೋಡಿಯವನೂ ಏಪ್ರಿಲ್‌ನಲ್ಲಿ ಹುಟ್ಟಿದವನೇ.

ಲೆಕ್ಕದ ಅವಧಿಯಲ್ಲಿ 'ಎ' ಮತ್ತು 'ಚ' ಸೇರಿ ಇವನದು 40ಕ್ಕೆ 27, ಜೋಡಿಯವನದು 9. ಆಟದ ಅವಧಿಯಲ್ಲಿ 33 ಮತ್ತು 31. ಆಟದಲ್ಲಿ ಇಬ್ಬರೂ ಒಂದೇ ಎಂಬುದು ಆಶ್ಚರ್ಯವಲ್ಲ. 1983ರಲ್ಲಿ ಲಿಂಡಾ ಪೊರಿನೊ, ಜುಡಿತ್ ರ‍್ಯಾಪೊಪೋರ್ಟ್ ಮತ್ತು ಸಂಗಡಿಗರು ಮಕ್ಕಳ ಮೈಗೆ ಚಲನೆ ದಾಖಲಿಸುವ ಸಣ್ಣ ಯಂತ್ರ ಕಟ್ಟಿ ಹಗಲು ರಾತ್ರಿ ಅಳೆದಾಗಲೂ ಅಂತರ ಎದ್ದು ಕಂಡದ್ದು ಓದು, ಗಣಿತದ ಹೊತ್ತಿನಲ್ಲಿ. ಆಟದ ಮೈದಾನ ನೋಡಿ ತೀರ್ಮಾನಿಸಬಾರದು ಎನ್ನುವುದು ಇದಕ್ಕೇ.

ಈ ಯಂತ್ರದ ಮಾತು ಬಂದಾಗ ತಂದೆ, ಸ್ಮಾರ್ಟ್‌ವಾಚ್ ಕಟ್ಟಿದರೆ ಸಾಕಲ್ಲವೇ ಎಂದು ಕೇಳಿದರು. ಸಾಲದು. ಅಂಗಡಿಯ ವಾಚು ಎಣಿಸುವುದು ಹೆಜ್ಜೆಗಳನ್ನು. ಬೆಂಚಿನ ಮೇಲೆ ಕಾಲು ಕುಣಿಸಿದ್ದು ಅದಕ್ಕೆ ಕಾಣುವುದಿಲ್ಲ, ಸುಮ್ಮನೆ ಕೈ ಬೀಸಿದ್ದನ್ನು ಹೆಜ್ಜೆ ಎಂದುಕೊಳ್ಳುತ್ತದೆ. ಮೇಲಾಗಿ ವಾಚೇ ಹುಡುಗನ ಆಟಿಕೆಯಾಗುತ್ತದೆ.

ಇಷ್ಟಾದ ಮೇಲೂ ಬೇರೆ ಕಾರಣಗಳನ್ನು ಸೋಸಬೇಕಿತ್ತು. ಕಣ್ಣು, ಕಿವಿ ಸರಿಯಿದ್ದವು, ರಕ್ತಹೀನತೆ ಇರಲಿಲ್ಲ, ಗೊರಕೆಯಿಲ್ಲ, ವಯಸ್ಸಿಗೆ ತಕ್ಕ ಓದು ಇತ್ತು. ತೊಡಕು ಸಿಕ್ಕಿದ್ದು ನಿದ್ದೆಯಲ್ಲಿ: ರಾತ್ರಿ 11ಕ್ಕೆ ಮಲಗಿ ಬೆಳಿಗ್ಗೆ 6.30ಕ್ಕೆ ಏಳುತ್ತಿದ್ದ. 6ರಿಂದ 12 ವರ್ಷದವರಿಗೆ 9ರಿಂದ 12 ತಾಸು ಬೇಕು. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ, ಮಕ್ಕಳು ಅನೇಕ ಸಲ ಕುಣಿದಾಡುತ್ತಾರೆ. ಮೂರು ವಾರ ಒಂಬತ್ತಕ್ಕೆ ಮಲಗಿಸಿ, ಮೊಬೈಲನ್ನು ಎಂಟಕ್ಕೇ ತೆಗೆದಿಟ್ಟು, ಅದೇ ಅವಧಿಯಲ್ಲಿ ಮತ್ತೆ ಎಣಿಸಿದಾಗ 27 ಇದ್ದದ್ದು 22ಕ್ಕೆ ಬಂತು. ಜೋಡಿಯವನದು 10. ನಿದ್ದೆಯ ಪಾಲು ಇತ್ತು, ಆದರೆ ಅದೊಂದೇ ಅಲ್ಲ.

ಎಲ್ಲ ಹಾಳೆಗಳ ಜೊತೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸಲಾಯಿತು. ರೋಗನಿರ್ಣಯ ವೈದ್ಯರದೇ ಕೆಲಸ. ಲಕ್ಷಣ ಆರು ತಿಂಗಳಿಂದ ಇರಬೇಕು, ಕೆಲವಾದರೂ 12 ವರ್ಷದೊಳಗೆ ಶುರುವಾಗಿರಬೇಕು, ಎರಡು ಕಡೆಯಾದರೂ ಕಾಣಬೇಕು ಎಂಬ, ಮನೋವೈದ್ಯರ ರೋಗನಿರ್ಣಯ ಕೈಪಿಡಿ ಡಿಎಸ್‌ಎಂ-5ರ ಮಾನದಂಡಗಳನ್ನು ಅವರು ತಂದೆತಾಯಿಯ ವಿವರವಾದ ಸಂದರ್ಶನದೊಂದಿಗೆ ತೂಗಿ ನೋಡಿ ಎಡಿಎಚ್‌ಡಿ ಎಂದು ಖಚಿತಪಡಿಸಿದರು.

ಮನೆಗೆ ಕೊಟ್ಟ ಸಲಹೆ: ದೂರದಿಂದ ಕೂಗಬೇಡಿ. ಹತ್ತಿರ ಹೋಗಿ, ಹೆಗಲು ಮುಟ್ಟಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಮನೆಪಾಠ 10 ನಿಮಿಷ, ಆಮೇಲೆ ಮೂರು ನಿಮಿಷ ಅಂಗಳದಲ್ಲಿ ಓಡಾಟ. ಮುಗಿಸಿದ ಪ್ರತಿ ಹತ್ತು ನಿಮಿಷಕ್ಕೆ ಪಟ್ಟಿಯಲ್ಲಿ ಒಂದು ಚಿಕ್ಕಿ (ನಕ್ಷತ್ರದ ಗುರುತು), ಅದರ ಬಹುಮಾನ ಅಂದೇ ಸಂಜೆ; ವಾರದ ಕೊನೆಗೆ ಎಂದರೆ ಈ ಮಕ್ಕಳಿಗೆ ಅದು ತೀರಾ ದೂರ. ಗಳಿಸಿದ ಚಿಕ್ಕಿಯನ್ನು ಸಿಟ್ಟಿನಲ್ಲಿ ಕಿತ್ತುಕೊಳ್ಳಬೇಡಿ. ಹೆಚ್ಚಿನ ಮನೆಗಳಲ್ಲಿ ಈ ಪಟ್ಟಿ ಮುರಿದು ಬೀಳುವುದು ಅಲ್ಲೇ.

ಅಕ್ಕೋರಿಗೆ ಹೇಳಿದ್ದು: ಬಾಗಿಲಿನಿಂದ ದೂರ, ಮುಂದಿನ ಬೆಂಚು. ಖಡು ತರುವ ಕೆಲಸ ನಿಲ್ಲಿಸುವುದು ಬೇಡ, ಆದರೆ ಪಾಠದ ನಡುವೆ ಬೇಕಾದಾಗಲ್ಲ, ಒಂದು ಲೆಕ್ಕ ಮುಗಿಸಿ ತೋರಿಸಿದ ಮೇಲೆ.

ವೈದ್ಯರು ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆ ಬರೆದಾಗ ಅಳತೆಯ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಬೇಕಾಯಿತು. ಸಾದಾ ಮಾತ್ರೆಯ ಪರಿಣಾಮ ಸುಮಾರು 3ರಿಂದ 4 ತಾಸು. ಬೆಳಿಗ್ಗೆ ಕೊಟ್ಟದ್ದು ಸಂಜೆ ಇರುವುದಿಲ್ಲ, ತಾಯಿ ನೋಡುವುದು ಸಂಜೆಯನ್ನು. "ಗುಳಿಗಿ ಏನೂ ಕೆಲಸ ಮಾಡಂಗಿಲ್ರಿ" ಎಂದು ಎಷ್ಟೋ ಮನೆಗಳಲ್ಲಿ ಬಿಟ್ಟುಬಿಡುವುದು ಹೀಗೆಯೇ. ಆದ್ದರಿಂದ ಅದೇ ಅಕ್ಕೋರ ಅದೇ ಬೆಳಗಿನ ಲೆಕ್ಕದ ಅವಧಿಯಲ್ಲಿ, ಮಾತ್ರೆಗೆ ಮೊದಲು ಎಣಿಸಿದ ರೀತಿಯಲ್ಲೇ ಎಣಿಸಬೇಕು. ತಾಯಿ ಬರೆದಿಡಬೇಕಾದದ್ದು ಊಟ, ನಿದ್ದೆ, ಹೊಟ್ಟೆನೋವು, ತಲೆನೋವು. ಎತ್ತರ, ತೂಕ, ನಾಡಿ, ರಕ್ತದೊತ್ತಡವನ್ನು ಪ್ರತಿ ಭೇಟಿಯಲ್ಲೂ ಆಸ್ಪತ್ರೆಯಲ್ಲಿ ನೋಡುತ್ತಾರೆ. ನಡುವೆ ಗಾಬರಿಯಾದರೆ ಮಾತ್ರೆಯನ್ನು ತಾವಾಗಿ ಏರಿಳಿಸದೆ ವೈದ್ಯರನ್ನು ಕೇಳಬೇಕು. ಬರೀ ಮಾತಾಡಿ ಸಲಹೆ ಪಡೆಯುವುದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು.